ತೊಳೆದರೂ ಹೋಗದ ಕಪ್ಪು

ಹೋದ ವಾರ ಅಣ್ಣಿಗೇರಿಯಿಂದ ಶಲವಡಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ನನ್ನ ಬಾಜು ಬಂದು ಕುಳಿತಳು. ತೊಡೆಯ ಮೇಲೆ ನೀಲಿ ಡಬ್ಬಿ, ಲಸಿಕೆ ಒಯ್ಯುವಂಥದ್ದು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಒಳಗೆ ಐಸು ಕಟಕಟ ಎನ್ನುತ್ತಿತ್ತು, ಅವಳು ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಳ್ಳುತ್ತಿದ್ದಳು. ನನ್ನ ಕಣ್ಣು ತುಂಬಿ ಬಂದವು. "ಯಾಕ್ರಿ ಟೀಚರ್, ಆರಾಮ ಇಲ್ಲೇನ್ರಿ?" ಎಂದು ಗಾಬರಿಯಾಗಿ ಕೇಳಿದಳು. ಕಣ್ಣಾಗ ಧೂಳ ಬಿತ್ತು ಎಂದೆ. ಕಿಟಕಿ ಮುಚ್ಚಿತ್ತು, ಪಾಪ, ಅವಳೂ ಹೌದೆಂದು ತಲೆಯಾಡಿಸಿದಳು. ನಮ್ಮ ಮನೆಯ ದೊಡ್ಡ ಸೊಸೆ ಇಂಥದೇ ಒಂದು ಡಬ್ಬಿಯನ್ನು ಹೀಗೇ ತಬ್ಬಿಕೊಂಡು ಎಷ್ಟು ವರ್ಷ ಹುಬ್ಬಳ್ಳಿಗೆ ಓಡಾಡಿದಳೋ...

ಅವಳು ನನ್ನ ಭಾವನ ಹೆಂಡತಿ, ನನಗೆ ನೆಗೆಣ್ಣಿ. ನಾನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ಮಾತಿಗೊಂದು 'ರಿ' ಹಚ್ಚುತ್ತಿದ್ದೆ, ಅವಳೇ ಬೈದು ಬಿಡಿಸಿದಳು. ಹುಬ್ಬಳ್ಳಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯೆಯ ಪಾಠ ಹೇಳುತ್ತಿದ್ದಳು, ಉಳಿದ ಹೊತ್ತಿನಲ್ಲಿ ಸಂಶೋಧನೆ. ಮೈಯೊಳಗಿನ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತದೆ ಎಂಬುದೇ ಅವಳ ಇಡೀ ಬದುಕಿನ ಕೆಲಸ. ಭಾವ ಹೊಲ ನೋಡುತ್ತಿದ್ದರು, ಹೆಂಡತಿಯ ಓದಿನ ಬಗ್ಗೆ ಅವರಿಗೆ ತುಂಬ ಹೆಮ್ಮೆ. ಏನು ಓದು ಎಂದು ಕೇಳಿದರೆ ಮಾತ್ರ ಎತ್ತುಗಳಿಗೆ ನೀರು ಕುಡಿಸುವ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು.

ಹೆಸರಿನ ಮುಂದೆ ಡಾಕ್ಟರ್ ಎಂದು ಬಂದ ಮೇಲೆ ಊರಿನವರು ಕೆಮ್ಮು, ನೆಗಡಿ, ಮಂಡಿನೋವು ಹಿಡಿದುಕೊಂಡು ನಮ್ಮ ಕಟ್ಟೆಗೆ ಬರತೊಡಗಿದರು. "ನಾ ಸೂಜಿ ಮಾಡೂ ಡಾಕ್ಟರ್ ಅಲ್ರಿ" ಎಂದು ಅವಳು ಕೈಮುಗಿಯುತ್ತಿದ್ದಳು. "ಹಂಗಾರ ಎಂಥಾ ಡಾಕ್ಟರ್ರಿ?" "ಓದಿದ ಡಾಕ್ಟರ್ರಿ." ಓಣಿಯ ಒಬ್ಬ ಅಜ್ಜ ಬಹಳ ಹೊತ್ತು ಯೋಚಿಸಿ, "ಓದದ ಡಾಕ್ಟರ ಸೂಜಿ ಮಾಡ್ತಾನ, ಓದಿದಾಕಿಗೆ ಬರಂಗಿಲ್ಲಂತ. ಎಂಥಾ ಕಾಲ ಬಂತಪಾ" ಎಂದು ಕೋಲು ಊರಿಕೊಂಡು ಹೋದ. ಅಂದು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಗು ಬಾರದ ಸಂಗತಿ ಅವಳ ಡಬ್ಬಿಯದು. ಕುರಿಯ ಮೂತ್ರಪಿಂಡದ ತಲೆಯ ಮೇಲೆ ಒಂದು ಗ್ರಂಥಿ ಇರುತ್ತದೆ, ಉತ್ತತ್ತಿಗಿಂತ ತುಸು ಸಣ್ಣದು. ನಮಗೂ ಇರುತ್ತದೆ. ಅಡ್ರಿನಲ್ ಎಂದು ಅದರ ಹೆಸರು. ಜ್ವರ, ಪೆಟ್ಟು, ಅಂಜಿಕೆ ಏನೇ ಬಂದರೂ ಮೈ ತಡೆದುಕೊಳ್ಳುವಂತೆ ಮಾಡುವ ರಸ ಅಲ್ಲಿ ಹುಟ್ಟುತ್ತದಂತೆ. ಅಕ್ಕನಿಗೆ ಆ ಗ್ರಂಥಿ ಬೇಕು, ಅದೂ ಕುರಿ ಕೊಯ್ದ ಕೂಡಲೇ, ಅದರ ಕೋಶಗಳಲ್ಲಿ ಇನ್ನೂ ಜೀವ ಇರುವಾಗ. ಹಾಗಾಗಿ ವಾರಕ್ಕೊಮ್ಮೆ ನಸುಕಿನಲ್ಲೇ ಅಣ್ಣಿಗೇರಿಗೆ ಹೋಗಿ, ಮಾಂಸದಂಗಡಿಯ ಕಾಕಾನ ಮುಂದೆ ನಿಂತು, ಅವನು ಬಿಡಿಸಿ ಕೊಟ್ಟದ್ದನ್ನು ಐಸಿನ ಡಬ್ಬಿಯಲ್ಲಿ ಇಟ್ಟುಕೊಂಡು ಹುಬ್ಬಳ್ಳಿಯ ರೈಲು ಹತ್ತುತ್ತಿದ್ದಳು. ರೈಲಿನಲ್ಲಿ ಎಲ್ಲರೂ ತೂಕಡಿಸಿದರೂ ಇವಳು ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲವಂತೆ.

ನಮ್ಮದು ಮೊಟ್ಟೆಯ ಹೆಸರನ್ನೂ ಮೆಲ್ಲಗೆ ಹೇಳುವ ಮನೆ. ಊರ ಬಾಯಿಗೆ ಮುಚ್ಚಳ ಉಂಟೆ? ನಿಮ್ಮ ದೊಡ್ಡ ಸೊಸಿ ಕುರಿ ಅಂಗಡಿ ಮುಂದ ನಿಂತಿದ್ದಳು ಎಂಬ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅಕ್ಕ ಮುಚ್ಚಿಡಲಿಲ್ಲ, ಇದ್ದದ್ದು ಇದ್ದಹಾಗೆ ಹೇಳಿದಳು. ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮನ್ಯಾಗ ಇರು. ಅಡಗಿಮನಿಗೆ ಬರಬ್ಯಾಡ. ಕುಡಿಯೂ ನೀರಿನ ಕೊಡ ಮುಟ್ಟಬ್ಯಾಡ. ನನ್ನಂತೂ ಮುಟ್ಟಬ್ಯಾಡ" ಎಂದರು. ಅಷ್ಟೇ. ಅವರ ಮಾತು ಒಮ್ಮೆ ಆಡಿದರೆ ಆಡಿದಂತೆ.

ಅಕ್ಕ ಜಗಳಕ್ಕೆ ಬೀಳಲಿಲ್ಲ. ದಿನಾ ಸಂಜೆ ಬಂದವಳೇ ತಲೆಗೆ ನೀರು ಹಾಕಿಕೊಂಡು ಅಡುಗೆಮನೆಯ ಹೊಸ್ತಿಲಾಚೆ ಕುಳಿತುಕೊಳ್ಳುತ್ತಿದ್ದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನನಗಿಂತ ಅವಳ ಕೈಯ ರೊಟ್ಟಿ ತೆಳ್ಳಗೆ, ಅದು ಅತ್ತೆಗೂ ಗೊತ್ತಿತ್ತು. ಅವಳು ಹೊರಗಿನಿಂದಲೇ "ಹಿಟ್ಟ ಇನ್ನಷ್ಟ ನಾದಬೇ, ಅಂಚು ಒಡೀತಾವ" ಎಂದು ಅಣಕಿಸುವಳು. "ಬಾ ಮತ್ತ, ನೀನ ಬಡಿ" ಎಂದು ನಾನು ಅನ್ನುವುದು, ಇಬ್ಬರೂ ಒಮ್ಮೆ ಪಡಸಾಲೆಯ ಕಡೆ ನೋಡಿ ಸುಮ್ಮನಾಗುವುದು. ನನಗೆ ಅತ್ತೆಯ ಮೇಲೆ ಸಿಟ್ಟಿತ್ತು. ಅವಳಿಗೆ ಇತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಆ ಹೊಸ್ತಿಲಿನಾಚೆಯಿಂದಲೇ ನಾನು ಅವಳ ವಿಜ್ಞಾನವನ್ನೆಲ್ಲ ಕಲಿತದ್ದು. "ಗ್ವಾಡಿ ಮ್ಯಾಲಿಂದ ಬಾಜು ಮನಿಗೆ ಸುದ್ದಿ ಹೇಳ್ತಾರಲ್ಲ, ಚರ್ಮದಾಗ ಹಂಗ. ಊರಿಗೆಲ್ಲಾ ಡಂಗುರಾ ಹೊಡಸ್ತಾರಲ್ಲ, ಈ ಗ್ರಂಥಿದು ಹಂಗ" ಎನ್ನುತ್ತಿದ್ದಳು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಬೇರೆಯೇ ಇರುತ್ತವಂತೆ, ಸುತ್ತಲಿನವು ಹೇಳಿದಾಗ ಮಾತ್ರ ಅವು ಬಣ್ಣ ಮಾಡುತ್ತವಂತೆ. ಆಪರೇಷನ್ನಿನಲ್ಲಿ ಕತ್ತರಿಸಿ ಉಳಿದ ಚರ್ಮದ ಚೂರುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಅದನ್ನು ನೋಡುತ್ತಿದ್ದಳು. ಈ ಸಂಗತಿ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅತ್ತೆಗೆ ತಿಳಿದಿದ್ದರೆ ನಮ್ಮಿಬ್ಬರನ್ನೂ ಎತ್ತಿನ ಕೊಟ್ಟಿಗೆಗೆ ಅಟ್ಟುತ್ತಿದ್ದರು.

ಹತ್ತಿ ಬಿಡಿಸುವ ದಿನಗಳು. ಅತ್ತೆ ಆ ವರ್ಷ ಯಾಕೋ ಸೊರಗಿದರು. ಕುಳಿತಲ್ಲಿಂದ ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತದೆ ಎನ್ನುವರು, ಕಂಬ ಹಿಡಿದು ನಿಲ್ಲುವರು. ಕೆಂಪಗಿದ್ದ ಹೆಂಗಸು, ಆ ಬಣ್ಣದ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು, ನೋಡನೋಡುತ್ತ ಕಪ್ಪಾದರು. ಬಿಸಿಲಿಗೆ ಎಂದೆವು. ವಸಡು ಕಪ್ಪಾಯಿತು, ಹಲ್ಲಿಗೆ ತಂಬಾಕಿನ ಮಶೇರಿ ತಿಕ್ಕುತ್ತಾರಲ್ಲ ಎಂದೆವು. ಅಂಗೈಯ ಗೆರೆಗಳಲ್ಲಿ ಕಪ್ಪು ಕೂತಿತ್ತು. ಅದನ್ನಂತೂ ಯಾರೂ ಏನೂ ಅನ್ನಲಿಲ್ಲ. ನಮ್ಮದು ಎರೆಭೂಮಿ. ಹೊಲಕ್ಕೆ ಹೋಗುವವರ ಕೈಗೆರೆ ನಮ್ಮಲ್ಲಿ ಕಪ್ಪಾಗಿಯೇ ಇರುತ್ತದೆ. ಬೇರೆ ಸೀಮೆಯಲ್ಲಾಗಿದ್ದರೆ ಯಾರಾದರೂ ಇದೇನು ಎಂದು ಕೇಳುತ್ತಿದ್ದರೇನೋ...

ನನ್ನ ತಕರಾರು ಇನ್ನೊಂದಿತ್ತು. ದಿನಾ ಊಟಕ್ಕೆ ಕುಳಿತ ಕೂಡಲೇ ಅತ್ತೆಯದು ಒಂದೇ ಮಾತು: "ಸಾರಿಗೆ ಉಪ್ಪು ಹಾಕಿಲ್ಲ." ಹಾಕಿರುತ್ತಿದ್ದೆ. ಮರುದಿನ ಇನ್ನಷ್ಟು ಹಾಕಿದರೆ ನನ್ನ ಗಂಡ ಬಾಯಿ ಸುಟ್ಟವರಂತೆ ಮಾಡುವರು, ಅತ್ತೆ ಸಪ್ಪಗೆ ಐತಿ ಎನ್ನುವರು. ಒಂದು ಸಂಜೆ ಉಪ್ಪಿನಕಾಯಿಯ ಭರಣಿಯಿಂದ ಬರೀ ಉಪ್ಪುನೀರನ್ನು ವಾಟಗಕ್ಕೆ ಬಗ್ಗಿಸಿಕೊಂಡು ಕುಡಿಯುವುದನ್ನು ಕಂಡೆ. ನನಗೆ ತಲೆ ಕೆಟ್ಟಿತು. ರೊಟ್ಟಿ ಬಡಿಯುತ್ತ ಅಕ್ಕನ ಮುಂದೆ ಎಲ್ಲ ಒದರಿಕೊಂಡೆ. "ನನ್ನ ಹೆಸರ ಕೆಡಸಾಕ ಹಿಂಗ ಮಾಡ್ತಾರ. ಉಪ್ಪಿನ ಅಂದಾಜ ಇಲ್ಲದಾಕಿ ಅಂತ ಓಣಿಗೆಲ್ಲಾ ಹೇಳ್ಯಾರ."

ಅಕ್ಕ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ಉಪ್ಪು ತಾವ ಬೇಡ್ತಾರೇನು?" ಎಂದಳು. ಹೌದೆಂದೆ. "ಎದ್ದರ ಚಕ್ಕರ ಬರತೈತಿ ಅಂದಿದ್ದೆಲ್ಲ. ಕೈ... ಅವರ ಕೈ ನೀ ನೋಡೀಯೇನು?" ಎಂದವಳೇ ಉತ್ತರಕ್ಕೂ ಕಾಯದೆ ಎದ್ದಳು.

ಪಡಸಾಲೆಯಲ್ಲಿ ಅತ್ತೆ ಗೋಡೆಗೆ ಒರಗಿದ್ದರು. ಅಕ್ಕ ಎದುರು ಕೂತು ಕೈ ಚಾಚಿದಳು. ಅತ್ತೆ ಸೆರಗಿನೊಳಗೆ ಕೈ ಎಳೆದುಕೊಂಡರು. "ದೂರ ಇರು." ಅಕ್ಕ ಕೈ ಹಿಂದೆ ತೆಗೆದುಕೊಂಡು ನನ್ನ ಕಡೆ ತಿರುಗಿ, "ಒಂದ ಬೋಗಾಣ್ಯಾಗ ನೀರು, ಸಾಬೂನು ತಗೊಂಡ ಬಾ. ನೀನೂ ನಿನ್ನ ಕೈ ಮಣ್ಣಾಗ ಹೊಲಸ ಮಾಡ್ಕೊಂಡ ಬಾ" ಎಂದಳು. ಹಿತ್ತಲಿಗೆ ಹೋಗಿ ಎರೆಮಣ್ಣಿನಲ್ಲಿ ಅಂಗೈ ತಿಕ್ಕಿಕೊಂಡು ಬಂದೆ. ಅವಳು ಹೇಳಿದಂತೆ ಅತ್ತೆಯ ಕೈಯನ್ನೂ ನನ್ನ ಕೈಯನ್ನೂ ಒಂದೇ ಬೋಗುಣಿಯಲ್ಲಿ ತೊಳೆದೆ. ಅತ್ತೆ ಗೊಣಗುತ್ತಲೇ ಇದ್ದರು. ನೀರು ಕಪ್ಪಾಯಿತು. ಇನ್ನೊಂದು ಬೋಗುಣಿ ನೀರು ತಂದೆ. ನನ್ನ ಗೆರೆಗಳು ಬೆಳ್ಳಗಾದವು. ಅತ್ತೆಯ ಗೆರೆಗಳು ಹಾಗೇ ಇದ್ದವು. ಮತ್ತೆ ಸಾಬೂನು ಹಚ್ಚಿದೆ, ನಾರಿನಿಂದ ತಿಕ್ಕಿದೆ. ಕಪ್ಪು ಕದಲಲಿಲ್ಲ. ಅದು ಮಣ್ಣಲ್ಲ, ಅವರ ಚರ್ಮದ್ದೇ ಬಣ್ಣ. "ಸಾಕು ಬಿಡು, ತಂಗಿ" ಎಂದಳು ಅಕ್ಕ.

ನಮ್ಮ ಮನೆಯ ಗಂಡಸರಿಗೆ ಅವಳು ಹೇಳಿದ್ದು ಇಷ್ಟೇ: ನಾನು ರೋಗ ನೋಡುವ ಡಾಕ್ಟರಲ್ಲ, ಇದನ್ನು ಪುಸ್ತಕದಲ್ಲಿ ಓದಿದ್ದೇನೆ, ಕಣ್ಣಾರೆ ಕಂಡಿಲ್ಲ, ತಪ್ಪಿದ್ದರೂ ತಪ್ಪಿದ್ದೀತು, ಆದರೆ ನನ್ನ ಮಾತು ನಿಜವಾಗಿದ್ದರೆ ಒಂದು ಸಣ್ಣ ಜ್ವರ ಬಂದರೂ ಇವರು ಉಳಿಯುವುದಿಲ್ಲ. ನಾಳೆಯೇ ಹುಬ್ಬಳ್ಳಿಗೆ ಹೋಗಬೇಕು. ಅತ್ತೆ ಒಪ್ಪಲಿಲ್ಲ. ಹಿತ್ತಲ ಗಿಡ ಎಂದಾದರೂ ಮದ್ದಾದದ್ದುಂಟೆ? ಭಾವ ಬೇಡಿಕೊಂಡರು, ನನ್ನ ಗಂಡ ರೇಗಿದರು. ಅತ್ತೆ ಯಾರನ್ನೂ ನೋಡದೆ ಅಕ್ಕನಿಗೆ ಹೇಳಿದರು: "ನೀ ಆ ಅಂಗಡಿಗೆ ಹೋಗೂದು ಬಿಡ್ತೀನಿ ಅಂತ ಮಾತ ಕೊಡು. ಬರ್ತೀನಿ."

ಅಕ್ಕನ ಅರ್ಧ ಬದುಕು ಆ ಡಬ್ಬಿಯಲ್ಲಿತ್ತು ಎಂಬುದು ಆ ಪಡಸಾಲೆಯಲ್ಲಿ ನನ್ನ ಹೊರತು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಕ್ಷಣವೂ ತಡಮಾಡಲಿಲ್ಲ. "ಬಿಟ್ಟೆ ಅತ್ತಿ. ಮುಂಜಾನೆ ಲಗೂನ ತಯಾರ ಆಗ್ರಿ" ಎಂದಳು.

ಅವಳ ಊಹೆ ಸುಳ್ಳಾಗಲಿಲ್ಲ. ಎಂದೋ ಮೈ ಹೊಕ್ಕಿದ್ದ ಕ್ಷಯ ಅತ್ತೆಯ ಆ ಎರಡು ಪುಟ್ಟ ಗ್ರಂಥಿಗಳನ್ನು ತಿಂದು ಹಾಕಿತ್ತು. ತಲೆಯಿಂದ ಗ್ರಂಥಿಗೆ ಕರೆ ಹೋಗುತ್ತದಂತೆ. "ತಲಿ ಕರೀತು ಕರೀತು, ಗ್ರಂಥಿ ಓಗೊಡಲೇ ಇಲ್ಲ. ಇನ್ನಷ್ಟ ಜೋರಲೆ ಕರೀತು. ಆ ಕೂಗು ಚರ್ಮಕ್ಕ ಕೇಳಸ್ತು, ಚರ್ಮ ಕಪ್ಪಾತು" ಎಂದು ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಹೇಳಿದಳು. "ನಾ ಇಷ್ಟ ವರ್ಷ ಓದಿದ್ದ ಇದನ್ನ. ದಿನಾ ನನ್ನ ಎದುರಿಗೇ ಕೂಡ್ತಿದ್ರು. ಒಂದ ಸಲ ಆ ಕೈ ಹಿಡದಿದ್ರ ಎಂದೋ ತಿಳೀತಿತ್ತು..." ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಕೈ ಹಿಡಿಯಗೊಡದವರು ಯಾರು ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅತ್ತೆ ಮನೆಗೆ ಬಂದರು, ಚೇತರಿಸಿಕೊಂಡರು. ಕ್ಷಯದ ಮಾತ್ರೆ ಮುಗಿದವು, ಆ ಗ್ರಂಥಿಯ ರಸದ ಬದಲಿಗೆ ಕೊಟ್ಟ ಇನ್ನೊಂದು ಮಾತ್ರೆ ಮಾತ್ರ ಜೀವ ಇರುವತನಕ ಬಿಡುವಂತಿರಲಿಲ್ಲ. ಅಕ್ಕ ಕೊಟ್ಟ ಮಾತಿಗೆ ತಪ್ಪಲಿಲ್ಲ. ಡಬ್ಬಿ ಅಟ್ಟ ಸೇರಿತು. ಕಾಲೇಜಿನಲ್ಲಿ ಬರೀ ಚರ್ಮದ ಕೆಲಸ ಹಿಡಿದಳು. ಕೇಳಿದರೆ "ಅದೂ ಚೊಲೋ ಕೆಲಸನ" ಎನ್ನುತ್ತಿದ್ದಳು. ಆದರೆ ಹೊಸ್ತಿಲಾಚೆ ಕೂತು ಡಂಗುರದ ಕಥೆ ಹೇಳುವುದನ್ನು ಬಿಟ್ಟಳು, ರೊಟ್ಟಿಯ ಅಂಚಿನ ಬಗ್ಗೆಯೂ ಅಣಕಿಸುತ್ತಿರಲಿಲ್ಲ.

ಅತ್ತೆ ಅದನ್ನು ಗಮನಿಸಿದ್ದರೆಂದು ನನಗೆ ಆಗ ತಿಳಿಯಲಿಲ್ಲ. ಒಂದು ದಿನ ಊಟದ ನಡುವೆ ಕೈ ತಡೆದು ಅಕ್ಕನನ್ನು ಕೇಳಿದರು. "ನೀ ಕುರಿದು ತರ್ತಿದ್ದೆಲ್ಲ, ಅದನ ಏನ ಬೇ ನನ್ನೊಳಗ ಸತ್ತಿದ್ದು?" "ಹೌದ್ರಿ ಅತ್ತಿ." "ನೀ ಅದನ್ನ ಓದಿದ್ದಕ್ಕ ಗೊತ್ತಾತು?" ಅಕ್ಕ ತಟ್ಟೆ ನೋಡುತ್ತ ಕುಳಿತಳು. ಅತ್ತೆ ಮತ್ತೇನೂ ಕೇಳದೆ ಊಟ ಮುಗಿಸಿದರು.

ಕೆಲವು ದಿನಗಳ ಮೇಲೆ ಅತ್ತೆಯನ್ನು ತಪಾಸಣೆಗೆಂದು ಅಣ್ಣಿಗೇರಿಗೆ ಕರೆದುಕೊಂಡು ಹೋಗಿದ್ದೆ. ಬರುವಾಗ ಆಟೋದವನಿಗೆ ಆ ಅಂಗಡಿಯ ಹೆಸರು ಹೇಳಿದರು. ಕಾಕಾನ ಕೂಡ ಜಗಳ ತೆಗೆಯುತ್ತಾರೆಂದುಕೊಂಡೆ. ಅತ್ತೆ ಕೆಳಗಿಳಿದು, ದೂರದಲ್ಲೇ ನಿಂತು, ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ತೂಗುಹಾಕಿದ ಕುರಿಗಳ ಕಡೆ ನೋಡದೆ ಆಕಾಶ ನೋಡುತ್ತ ಕೂಗಿ ಹೇಳಿದರು. "ನಮ್ಮ ಸೊಸಿ ಬರ್ತಾಳ್ರಿ. ಮೊದಲಿನಂಗ ಕೊಡ್ರಿ ಅಕಿಗೆ."

ಕಾಕಾ ಕತ್ತಿ ಕೆಳಗಿಟ್ಟು ಕೈ ಒರೆಸಿಕೊಂಡ. "ಆಯ್ತ್ರಿ ಅವ್ವಾರ. ಭಾಳ ದಿನಾತು ಬಂದಿಲ್ಲ, ಮೇಡಮ್ಮಾರು ಚೊಲೋ ಅದಾರೇನ್ರಿ?" ಎಂದ.

"ಚೊಲೋ ಅದಾಳ. ನಾನ ಬಿಡಿಸಿದ್ದೆ" ಎಂದು ಅತ್ತೆ ಆಟೋ ಹತ್ತಿದರು. ಮನೆಗೆ ಬಂದು ಸ್ನಾನ ಮಾಡಿದರು, ಸೀರೆ ನೆನೆಹಾಕಿದರು. ಅಂದು ಸಂಜೆ ಅಕ್ಕ ಹೊಸ್ತಿಲಾಚೆ ಕೂತಾಗ, "ಒಳಗ ಬಂದು ಕೂಡು. ಅಕಿ ರೊಟ್ಟಿ ತಿಂದು ನನ್ನ ಹಲ್ಲು ಅಲಗ್ಯಾವ" ಎಂದರು. ನನ್ನ ರೊಟ್ಟಿಯ ಮರ್ಯಾದೆ ಹೋಯಿತು, ಹೋಗಲಿ. ಅಕ್ಕ ಒಳಗೆ ಬಂದು ಹಿಟ್ಟಿಗೆ ಕೈ ಹಾಕಿದಳು. ಮರುವಾರ ಡಬ್ಬಿ ಅಟ್ಟದಿಂದ ಇಳಿಯಿತು.

ಅಂದಿನಿಂದ ಮುಂಜಾನೆಯ ಮಾತ್ರೆಯನ್ನು ಅತ್ತೆ ಅಕ್ಕನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದರು. ಅಂಗೈ ಚಾಚಿ ಕೂರುವರು, ಅಕ್ಕ ಮಾತ್ರೆ ಇಟ್ಟು ಅವರ ಬೆರಳುಗಳನ್ನು ತಾನೇ ಮಡಚುವಳು. ಅವಳಿಲ್ಲದ ಹೊತ್ತಿಗೆಂದು ನನಗೂ ಕಲಿಸಿದ್ದಳು. ಡಾಕ್ಟರರು ಹೇಳಿದ್ದದು: ಜ್ವರ ಬಂದರೆ ಮಾತ್ರೆ ಹೆಚ್ಚಿಸಬೇಕು, ಬಿದ್ದು ಪೆಟ್ಟಾದರೆ ಹೆಚ್ಚಿಸಬೇಕು, ದೊಡ್ಡ ದುಃಖದ ಸುದ್ದಿ ಬಂದರೂ ಹೆಚ್ಚಿಸಬೇಕು. "ದುಃಖಾ ತಡಕೊಳ್ಳೂ ರಸ ಅವರ ಮೈಯಾಗ ಹುಟ್ಟಂಗಿಲ್ಲ. ಮೊದಲ ಮಾತ್ರಿ, ಆಮ್ಯಾಲ ಸುದ್ದಿ. ಮರೀಬ್ಯಾಡ" ಎಂದಿದ್ದಳು. ಅಂಥ ಸುದ್ದಿ ಯಾರದು ಬಂದೀತೆಂದು ನಾವಿಬ್ಬರೂ ಯೋಚಿಸಿರಲಿಲ್ಲ.

ನಾನು ಶಾಲೆಯಲ್ಲಿದ್ದೆ. ಭಾವನ ಫೋನು ಬಂತು. ಅಕ್ಕ ಪಾಠ ಮಾಡುತ್ತ ಮಾಡುತ್ತಲೇ ಕುಸಿದಳಂತೆ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಎರಡೂ ಬದಿಗೆ ಆಸ್ಪತ್ರೆ ಇದ್ದ ಜಾಗದಲ್ಲಿ, ಅಷ್ಟು ಮಂದಿ ಡಾಕ್ಟರರ ನಡುವೆ, ಯಾರಿಂದಲೂ ಏನೂ ಆಗಲಿಲ್ಲ. ಭಾವ ಅಳುತ್ತಿದ್ದರು, ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. "ಅವ್ವಗ ನೀನ ಹೇಳು" ಎಂದದ್ದು ಮಾತ್ರ ಸ್ಪಷ್ಟ ಕೇಳಿಸಿತು.

ಸುದ್ದಿ ನನಗಿಂತ ಮೊದಲು ಓಣಿಗೆ ಮುಟ್ಟಬಾರದೆಂದು ಆಟೋದವನನ್ನು ಅವಸರಿಸಿದೆ. ದಾರಿಯಲ್ಲಿ ನಾನು ಅಳಲಿಲ್ಲ. ಮನೆಗೆ ಬಂದು ಮುಖ ತೊಳೆದುಕೊಂಡು, ಸೆರಗಿನಿಂದ ಒತ್ತಿ ಒರೆಸಿಕೊಂಡು, ಮಾತ್ರೆ ತೆಗೆದೆ. ಅತ್ತೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. "ಇಷ್ಟ ಲಗೂನ ಶಾಲಿ ಬಿಡ್ತೇನು?" ಎಂದರು. ಅವರ ಅಂಗೈ ಹಿಡಿದು ಮಾತ್ರೆ ಇಟ್ಟೆ, ನೀರಿನ ವಾಟಗ ಮುಂದೆ ಹಿಡಿದೆ.

ಅತ್ತೆ ಅಂಗೈ ನೋಡಿದರು. "ಈ ಹೊತ್ತನ್ಯಾಗ ಯಾಕ? ಇಷ್ಟ್ಯಾಕ?" ಎಂದರು. ಇನ್ನೊಂದು ಕೈಯಿಂದ ತಮ್ಮ ಹಣೆ ತಾವೇ ಮುಟ್ಟಿ ನೋಡಿಕೊಂಡರು. "ಜ್ವರ ಇಲ್ಲಲ್ಲ ನನಗ..." ಆಮೇಲೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಯಾರು ಎಂದು ಅವರು ಕೇಳಲಿಲ್ಲ. ಇಬ್ಬರು ಗಂಡುಮಕ್ಕಳ ಹೆಸರನ್ನೂ ಎತ್ತಲಿಲ್ಲ. "ಅಕೀನ ಹೇಳಿದ್ಲೇನು, ಮೊದಲ ಮಾತ್ರಿ ಕೊಡು ಅಂತ?" ಎಂದರು.

ಹೌದೆಂದು ತಲೆಯಾಡಿಸಿದೆ. ಅತ್ತೆ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡರು, ಪೂರ್ತಿ ನೀರು ಕುಡಿದರು, ವಾಟಗ ಕೆಳಗಿಟ್ಟರು. ಆಮೇಲೆ ಅತ್ತರು. ನಾನೂ ಆಗಲೇ ಅತ್ತದ್ದು.

ಅತ್ತೆ ಈಗಲೂ ಇದ್ದಾರೆ. ಹೊಲಕ್ಕೆ ಹೋಗುವುದಿಲ್ಲ, ಕಿವಿ ಮಂದವಾಗಿದೆ, ನನ್ನ ಸಾರಿನ ಬಗ್ಗೆ ತಕರಾರಿಲ್ಲ. ದಿನಾ ಮುಂಜಾನೆ ನಾನು ಮಾತ್ರೆ ಇಟ್ಟು ಬೆರಳು ಮಡಚುತ್ತೇನೆ. ಇವತ್ತೂ ಮಡಚಿದೆ. ಅತ್ತೆ ಕೈ ಬಿಡಿಸಿಕೊಳ್ಳದೆ ಸ್ವಲ್ಪ ಹೊತ್ತು ಹಾಗೇ ಕುಳಿತು, "ಅಕಿ ಕೈ ಯಾವಾಗಲೂ ತಣ್ಣಗ ಇರ್ತಿದ್ದು, ನೋಡು" ಎಂದರು. ಎಷ್ಟು ವರ್ಷ ಆ ಹೊಸ್ತಿಲಿನ ಎರಡು ಬದಿಗೆ ಕೂತು ಮಾತಾಡಿದೆವು, ನಾನು ಅಕ್ಕನ ಕೈಯನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ. ಹೌದೇನ್ರಿ ಅತ್ತಿ, ಎಂದು ಕೇಳಿದೆ.